ಮತ್ತೆ ಮತ್ತೆ ಬರುವ ಪದ: ಸ್ವಂತ ಬರಹ ತಿದ್ದುವವರಿಗೊಂದು ದೋಷ ನಿವಾರಣೆ ಕೈಪಿಡಿ

ದೋಷದ ಲಕ್ಷಣ

ಬರಹವನ್ನು ಮುಗಿಸಿ ಎರಡು ದಿನ ಬಿಟ್ಟು ಓದುವಾಗ, ಕಾಗುಣಿತದಲ್ಲಿಯೂ ವ್ಯಾಕರಣದಲ್ಲಿಯೂ ತಪ್ಪು ಸಿಗದಿದ್ದರೂ, ಒಂದೇ ಕಲ್ಲು ಹತ್ತು ಹೆಜ್ಜೆಗೊಮ್ಮೆ ಕಾಲಿಗೆ ತಾಗಿದಂತೆ ಅನಿಸಿದರೆ, ಅಲ್ಲಿ ಯಾವುದೋ ಪದ ಅಳತೆ ಮೀರಿ ಬಂದಿದೆ ಎಂದು ತಿಳಿಯಬೇಕು. ಇದು ಮೊದಲ ಲಕ್ಷಣ. ಎರಡನೆಯದು ಇಷ್ಟು ಬೇಗ ಕಾಣುವುದಿಲ್ಲ: ಪುಟ ಓದಿ ಮುಗಿದ ಮೇಲೆ ಅದರಲ್ಲಿ ಹೊಗಳಿಕೆ ಇತ್ತೆಂಬುದು ನೆನಪಿರುತ್ತದೆ, ಯಾವುದನ್ನು ಏಕೆ ಹೊಗಳಿತ್ತೆಂಬುದು ನೆನಪಿರುವುದಿಲ್ಲ. ಮೂರನೆಯದು ಬರೆದವರಿಗೆ ಮಾತ್ರ ಗೊತ್ತಾಗುತ್ತದೆ: ವಾಕ್ಯದ ಮೊದಲೆರಡು ಪದ ಬಿದ್ದ ಕೂಡಲೇ ಉಳಿದದ್ದು ಯೋಚನೆಗೆ ಕಾಯದೆ ಕೈಯಿಂದ ತಾನಾಗಿ ಇಳಿದುಬರುತ್ತದೆ.

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಡಿಟಿಪಿ ಅಂಗಡಿಯೊಂದರಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಸಹಕಾರ ಸಂಘಗಳ ವಾರ್ಷಿಕ ವರದಿ, ಕಾಲೇಜುಗಳ ಸ್ಮರಣ ಸಂಚಿಕೆ, ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧ, ನಿವೃತ್ತ ಶಿಕ್ಷಕರ ಅಭಿನಂದನ ಗ್ರಂಥ, ಜಾತ್ರೆಯ ಕರಪತ್ರ, ಎಲ್ಲವೂ ನನ್ನ ಮೇಜಿನ ಮೇಲೆ ಹಾದುಹೋಗುತ್ತವೆ. ಇತರರ ಬರಹದಲ್ಲಿ ಈ ದೋಷವನ್ನು ಹಿಡಿಯುವುದು ಕಷ್ಟವಲ್ಲ. ಸ್ವಂತ ಬರಹದಲ್ಲಿ ಮಾತ್ರ, ಹಾಳೆಯ ಮೇಲಿರುವುದನ್ನು ಕಣ್ಣು ನೋಡುವ ಮೊದಲೇ ಮನಸ್ಸು ತಾನು ಹೇಳಬೇಕೆಂದಿದ್ದುದನ್ನು ಓದಿ ಮುಗಿಸಿಬಿಡುತ್ತದೆ. ಕೆಲವು ವರ್ಷಗಳ ಹಿಂದೆ ಬೀದರ್‌ನ ಸುರಂಗ ಬಾವಿಗಳನ್ನು ಕುರಿತು ನಾನೇ ಒಂದು ಲೇಖನ ಬರೆದು, ಅಂಗಡಿಯಲ್ಲಿ ಟೈಪ್ ಮಾಡುವ ಹುಡುಗನಿಗೆ ಗಟ್ಟಿಯಾಗಿ ಓದಲು ಹೇಳಿದ್ದೆ. ಎರಡನೆಯ ಪುಟದ ನಡುವೆ ಆತ ಓದು ನಿಲ್ಲಿಸಿ, “ಕಾಕಾ, ಇನ್ನಾ ಎಷ್ಟು ‘ಅತ್ಯಂತ’ ಉಳ್ದಾವ್ರಿ?” ಎಂದು ಕೇಳಿದ. ಎಣಿಸಿ ನೋಡಿದಾಗ ಆರು ಪುಟಗಳಲ್ಲಿ 19 ಸಿಕ್ಕವು. ಆ 19ನ್ನು ಒಂದೊಂದಾಗಿ ತೆಗೆಯಲು ಕುಳಿತಾಗ ಕಲಿತದ್ದೇ ಇಲ್ಲಿರುವುದರಲ್ಲಿ ಹೆಚ್ಚಿನ ಪಾಲು.

ಕಲಿತದ್ದರಲ್ಲಿ ಮೊದಲನೆಯದನ್ನು ಈಗಲೇ ಹೇಳಿಬಿಡುತ್ತೇನೆ. ಅತಿಯಾಗಿ ಬಳಕೆಯಾದ ಪದ, ಸೋರುವ ಮಾಳಿಗೆಯ ಕೆಳಗೆ ಇಟ್ಟ ಬೋಗುಣಿಯ ಹಾಗೆ. ಬೋಗುಣಿಯನ್ನು ತೆಗೆದು ಅದರ ಜಾಗದಲ್ಲಿ ತಂಬಿಗೆ ಇಟ್ಟರೆ ಸೋರುವುದು ನಿಲ್ಲುವುದಿಲ್ಲ. ಪದಕೋಶ ತೆರೆದು ‘ಅತ್ಯಂತ’ದ ಬದಲು ‘ತುಂಬಾ’, ‘ತುಂಬಾ’ದ ಬದಲು ‘ಅತೀವ’ ಎಂದು ಬರೆಯುವವರು ತಂಬಿಗೆ ಬದಲಿಸುತ್ತಿರುತ್ತಾರೆ. ಮಾಳಿಗೆ ಎಲ್ಲಿ ಬಿರಿದಿದೆ ಎಂದು ಹತ್ತಿ ನೋಡಬೇಕು.

ಕಿವಿಯ ಪರೀಕ್ಷೆ

ಎಣಿಸುವ ಮೊದಲು ಕೇಳಿಸಿಕೊಳ್ಳಬೇಕು. ಬೇರೆಯವರಿಂದ ಓದಿಸಿಕೊಳ್ಳುವುದು ಉತ್ತಮ. ಓದುವವರಿಗೆ ವಿಷಯ ಗೊತ್ತಿಲ್ಲದಿದ್ದರೆ ಇನ್ನೂ ಉತ್ತಮ, ಏಕೆಂದರೆ ಗೊತ್ತಿದ್ದವರು ದನಿಯ ಏರಿಳಿತದಿಂದ ನಮ್ಮ ದೋಷವನ್ನು ಮುಚ್ಚಿಬಿಡುತ್ತಾರೆ. ಓದುವವರು ಸಿಗದಿದ್ದರೆ ಮೊಬೈಲ್‌ನಲ್ಲಿ ಕನ್ನಡ ಪಠ್ಯವನ್ನು ಓದಿ ಹೇಳುವ ಸೌಲಭ್ಯವಿದೆ. ಆ ಯಂತ್ರದ ದನಿಗೆ ಒಲವೂ ಇಲ್ಲ, ಬೇಸರವೂ ಇಲ್ಲ. ಎಲ್ಲ ಪದವನ್ನೂ ಒಂದೇ ತೂಕದಲ್ಲಿ ಹೇಳುವುದರಿಂದ ಮರಳಿ ಬಂದ ಪದ ಬೆತ್ತಲಾಗಿ ಕೇಳಿಸುತ್ತದೆ. ಕೇಳುತ್ತಿರುವಾಗ ತಿದ್ದಲು ಹೋಗಬಾರದು. ಕಿವಿಗೆ ಚುಚ್ಚಿದ ಪದವನ್ನು ಬೇರೊಂದು ಹಾಳೆಯಲ್ಲಿ ಬರೆದುಕೊಂಡರೆ ಸಾಕು.

ಎಣಿಕೆ, ಮತ್ತು ಎಣಿಕೆ ತಪ್ಪುವ ಬಗೆ

ಕಿವಿ ಹಿಡಿದುಕೊಟ್ಟ ಪದಗಳನ್ನು ಕಂಪ್ಯೂಟರಿನಲ್ಲಿ ಹುಡುಕಿ ಎಣಿಸುವುದು ಮುಂದಿನ ಹೆಜ್ಜೆ. ಇಲ್ಲಿಯೇ ಹಲವರು ಮೋಸ ಹೋಗುತ್ತಾರೆ. ‘ಹುಡುಕು’ ಪೆಟ್ಟಿಗೆಯಲ್ಲಿ ಪದ ಹಾಕಿ, ಮೂರು ಕಡೆ ಮಾತ್ರ ಸಿಕ್ಕಿತೆಂದು ಸಮಾಧಾನಪಟ್ಟು ಎದ್ದುಹೋದವರ ಬರಹದಲ್ಲಿ ಅದೇ ಪದ ಹದಿನೈದು ಕಡೆ ಇದ್ದುದನ್ನು ನಾನು ಕಂಡಿದ್ದೇನೆ.

ಒಂದೂ ಸಿಗಲಿಲ್ಲವೆಂದರೆ ಮೊದಲು ಫಾಂಟ್ ನೋಡಬೇಕು. ನಮ್ಮ ಕಡೆಯ ಕಚೇರಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ಯೂನಿಕೋಡ್‌ಗಿಂತ ಮೊದಲಿನ ‘ನುಡಿ’ ತಂತ್ರಾಂಶದ ಫಾಂಟ್‌ಗಳಲ್ಲಿ ಬರೆದಿಟ್ಟ ಕಡತಗಳು ಇನ್ನೂ ಹೇರಳವಾಗಿವೆ. ಅವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿನ ಸಂಕೇತಗಳು ಕನ್ನಡದವಲ್ಲ. ಆದ್ದರಿಂದ ಯೂನಿಕೋಡ್‌ನಲ್ಲಿ ಟೈಪ್ ಮಾಡಿದ ಪದ ಅಲ್ಲಿ ಸಿಗುವುದೇ ಇಲ್ಲ. ಕಡತವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತಂದು, ಒತ್ತಕ್ಷರಗಳೂ ಅರ್ಕಾವತ್ತೂ ಸರಿಯಾಗಿ ಕುಳಿತಿವೆಯೇ ಎಂದು ಒಂದು ಪುಟ ಓದಿ ನೋಡಿ, ಆಮೇಲೆ ಎಣಿಕೆಗೆ ಇಳಿಯಬೇಕು.

ಕೆಲವು ಸಿಕ್ಕು ಕೆಲವು ತಪ್ಪಿಸಿಕೊಂಡರೆ ಸೊನ್ನೆಯನ್ನು ಅನುಮಾನಿಸಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಒತ್ತುವ ಅಭ್ಯಾಸ ಹಲವರಿಗಿದೆ. ‘ಅತ್ಯಂತ’ ಮತ್ತು ‘ಅತ್ಯ೦ತ’ ಎರಡೂ ಕಣ್ಣಿಗೆ ಒಂದೇ. ಆದರೆ ಮೊದಲನೆಯದರಲ್ಲಿರುವುದು ಅನುಸ್ವಾರ, ಎರಡನೆಯದರಲ್ಲಿರುವುದು ಅಂಕಿ. ಯೂನಿಕೋಡ್‌ನಲ್ಲಿ ಅವೆರಡಕ್ಕೂ ಬೇರೆ ಬೇರೆ ಸಂಕೇತಗಳಿರುವುದರಿಂದ ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ನನ್ನ 19ರಲ್ಲಿ ನಾಲ್ಕು ಹೀಗೆ ಅಡಗಿ ಕುಳಿತಿದ್ದವು. ಒಂದು ಲೇಖನವನ್ನು ಇಬ್ಬರು ಟೈಪ್ ಮಾಡಿದ್ದರೆ ಈ ಪರೀಕ್ಷೆಯನ್ನು ಬಿಡಲೇಬಾರದು. ಕಣ್ಣಿಗೆ ಕಾಣದ ಬೇರ್ಪಡಿಸುವ ಚಿಹ್ನೆಯದೂ ಇದೇ ಕಥೆ: ‘ಸಾಫ್ಟ್‌ವೇರ್’ ಎಂಬಲ್ಲಿ ಅರ್ಧಾಕ್ಷರವನ್ನು ಬಿಡಿಸಿ ನಿಲ್ಲಿಸಲು ಒತ್ತುವ ಆ ಗುಪ್ತ ಕೀಲಿ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎಣಿಕೆ ಒಡೆಯುತ್ತದೆ.

ಮೂರನೆಯ ತೊಡಕು ಭಾಷೆಯ ಸ್ವಭಾವದಿಂದಲೇ ಬರುತ್ತದೆ. ಕನ್ನಡದಲ್ಲಿ ಪ್ರತ್ಯಯ ಪದಕ್ಕೆ ಅಂಟಿಕೊಳ್ಳುವುದರಿಂದ ‘ಮಹತ್ವ’, ‘ಮಹತ್ವದ’, ‘ಮಹತ್ವವನ್ನು’, ‘ಮಹತ್ವಪೂರ್ಣ’ ಇವನ್ನೆಲ್ಲ ಪದಗಣನೆಯ ತಂತ್ರಾಂಶ ನಾಲ್ಕು ಬೇರೆ ಪದಗಳೆಂದು ಲೆಕ್ಕ ಹಾಕಿ, ಪ್ರತಿಯೊಂದೂ ಎರಡೆರಡೇ ಸಲ ಬಂದಿದೆ ಎಂದು ವರದಿ ಕೊಡುತ್ತದೆ. ಆದ್ದರಿಂದ ಪದದ ಮೂಲರೂಪವನ್ನಷ್ಟೇ ಹುಡುಕಬೇಕು. ಹಾಗೆ ಹುಡುಕಿದಾಗ ಬೇಡದವೂ ಬಲೆಗೆ ಬೀಳುತ್ತವೆ. ಸಹಕಾರ ಸಂಘದ ವರದಿಯಲ್ಲಿ ‘ಸಹ’ ಎಷ್ಟು ಸಲ ಬಂದಿದೆ ಎಂದು ನೋಡಲು ಹೋದರೆ ‘ಸಹಕಾರ’, ‘ಸಹಾಯ’, ‘ಸಹಿ’ ಎಲ್ಲವೂ ಸಾಲಾಗಿ ನಿಲ್ಲುತ್ತವೆ. ‘ಮೂಲಕ’ ಹುಡುಕಿದರೆ ‘ಮೂಲಕಾರಣ’ವೂ ಸಿಗುತ್ತದೆ. ಪದದ ಹಿಂದೆ ಮುಂದೆ ಒಂದೊಂದು ಖಾಲಿ ಜಾಗ ಸೇರಿಸಿ ಹುಡುಕಿದರೆ ಇವು ಉದುರುತ್ತವೆ, ಆದರೆ ಪೂರ್ಣವಿರಾಮ, ಅಲ್ಪವಿರಾಮಗಳ ಪಕ್ಕದಲ್ಲಿರುವವೂ ಉದುರಿಹೋಗುತ್ತವೆಂಬುದು ನೆನಪಿರಲಿ.

ಎಷ್ಟು ಸಲ ಬಂದರೆ ಅತಿಯಾಯಿತು ಎಂದು ಕೇಳುವವರಿಗೆ ನನ್ನಲ್ಲಿ ಸಂಖ್ಯೆಯ ಉತ್ತರವಿಲ್ಲ. ‘ಮತ್ತು’ ಪುಟಕ್ಕೆ ಹತ್ತು ಸಲ ಬಂದರೂ ಯಾರಿಗೂ ತಾಗುವುದಿಲ್ಲ. ‘ಅನನ್ಯ’ ಇಡೀ ಲೇಖನದಲ್ಲಿ ಎರಡು ಸಲ ಬಂದರೆ ಎರಡನೆಯದು ಮೊದಲನೆಯದನ್ನು ಸುಳ್ಳು ಮಾಡುತ್ತದೆ. ಪದ ಎಷ್ಟು ಗಟ್ಟಿಯಾಗಿ ಕೂಗುತ್ತದೆಯೋ ಅಷ್ಟು ಬೇಗ ಸವೆಯುತ್ತದೆ.

ಯಾವ ಪದ ಯಾವ ಕೊರತೆಯನ್ನು ಮುಚ್ಚಿರುತ್ತದೆ

ಇನ್ನು ಮಾಳಿಗೆ ಹತ್ತಬೇಕು. ಪ್ರತಿಯೊಂದು ಸವಕಲು ಪದವನ್ನೂ ವಾಕ್ಯದಿಂದ ತೆಗೆದು ಓದಿ ನೋಡಿದಾಗ ಮೂರರಲ್ಲೊಂದು ಆಗುತ್ತದೆ: ಏನೂ ಕಡಿಮೆಯಾಗುವುದಿಲ್ಲ, ವಾಕ್ಯ ಬಡವಾಗುತ್ತದೆ, ಅಥವಾ ಒಳಗಿದ್ದ ಒಂದು ರಂಧ್ರ ಕಾಣುತ್ತದೆ. ಮೊದಲನೆಯದಾದರೆ ಪದವನ್ನು ಬಿಸಾಡಿ. ಎರಡನೆಯದಾದರೆ ಉಳಿಸಿ. ಮೂರನೆಯದಾದರೆ ಅಲ್ಲಿಯೇ ನಿಂತು ಕೆಲಸ ಮಾಡಬೇಕು.

‘ಅತ್ಯಂತ’, ‘ವಿಶಿಷ್ಟ’, ‘ಅದ್ಭುತ’, ‘ಜಗತ್ಪ್ರಸಿದ್ಧ’ ಎಂಬ ಗುಂಪು ಸಾಮಾನ್ಯವಾಗಿ ಮುಚ್ಚುವುದು ಮಾಹಿತಿಯ ಕೊರತೆಯನ್ನು. ಸ್ಮರಣ ಸಂಚಿಕೆಗಳಲ್ಲಿ ಬಿದರಿ ಕಲೆಯ ಮೇಲೆ ಬರುವ ಲೇಖನಗಳ ಮಾದರಿಯ ಒಂದು ವಾಕ್ಯವನ್ನು ನೋಡಿ: “ಬಿದರಿ ಕಲೆಯು ಅತ್ಯಂತ ಪ್ರಾಚೀನವೂ ವಿಶಿಷ್ಟವೂ ಆದಂತಹ ಒಂದು ಅದ್ಭುತ ಕಲೆಯಾಗಿದ್ದು, ತನ್ನ ವಿಶಿಷ್ಟ ಸೌಂದರ್ಯದಿಂದ ಜಗತ್ಪ್ರಸಿದ್ಧಿಯನ್ನು ಹೊಂದಿದೆ.” ಇದರಿಂದ ಹೊಗಳಿಕೆಯ ಪದಗಳನ್ನೆಲ್ಲ ತೆಗೆದುಹಾಕಿ. ಉಳಿಯುವುದು ‘ಬಿದರಿ ಒಂದು ಕಲೆ’ ಎಂಬ ಮೂರು ಪದ. ಬರೆದವರು ಬೀದರ್‌ನವರೇ ಆಗಿದ್ದರೂ ಕೆಲಸಗಾರರ ಓಣಿಗೆ ಹೋಗಿ ಒಂದು ಮಧ್ಯಾಹ್ನ ಕುಳಿತಿಲ್ಲವೆಂಬುದು ಈಗ ಬಯಲಾಯಿತು. ಕುಳಿತಿದ್ದರೆ ಹೀಗೆ ಬರೆಯಬಹುದಿತ್ತು: “ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಪಾತ್ರೆಯ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಆ ಗೆರೆಗಳಲ್ಲಿ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುತ್ತಾರೆ. ಕೊನೆಯಲ್ಲಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ನೀರನ್ನು ಕಾಯಿಸಿ ಪಾತ್ರೆಗೆ ಹಚ್ಚಿದಾಗ ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ.” ಎರಡನೆಯ ಬರಹದಲ್ಲಿ ಹೊಗಳಿಕೆಯ ಪದ ಒಂದೂ ಇಲ್ಲ. ಓದಿದವರೇ ಹೊಗಳುತ್ತಾರೆ.

ಆದ್ದರಿಂದ ಈ ಗುಂಪಿನ ಪದ ಸಿಕ್ಕಾಗಲೆಲ್ಲ ಕೇಳಬೇಕಾದ ಪ್ರಶ್ನೆ, ‘ಎಷ್ಟು?’ ಅಥವಾ ‘ಹೇಗೆ?’ ಎಂಬುದು. ಉತ್ತರ ನಮ್ಮ ಟಿಪ್ಪಣಿಯಲ್ಲಿದ್ದರೆ ಅದನ್ನು ತಂದು ಇಡಬೇಕು; ಇಲ್ಲದಿದ್ದರೆ ಅದನ್ನು ತಿಳಿದುಕೊಂಡು ಬರಬೇಕು. ಎರಡೂ ಆಗದಿದ್ದರೆ ಆ ವಾಕ್ಯವನ್ನೇ ಬಿಟ್ಟುಬಿಡುವುದು ಗೌರವದ ಕೆಲಸ.

‘ಮಾಡಲಾಗಿದೆ’, ‘ನಡೆಸಲಾಯಿತು’, ‘ಕೈಗೊಳ್ಳಲಾಗುವುದು’ ಎಂಬುವು ಮುಚ್ಚುವುದು ಮನುಷ್ಯರನ್ನು. ಕಚೇರಿಯ ಸುತ್ತೋಲೆಗಳ ಅನುವಾದದಿಂದ ಈ ರೂಪ ನಮ್ಮ ಬರಹಕ್ಕೆ ಇಳಿದು, ಈಗ ಮದುವೆಯ ಆಮಂತ್ರಣದವರೆಗೂ ಹಬ್ಬಿದೆ. “ಕೆರೆಯ ಹೂಳೆತ್ತುವ ಕಾರ್ಯವನ್ನು ಮಾಡಲಾಯಿತು” ಎಂದು ಬರೆದಾಗ ಹೂಳೆತ್ತಿದವರು ಮಾಯವಾಗುತ್ತಾರೆ, ಅವರ ಜಾಗದಲ್ಲಿ ‘ಕಾರ್ಯ’ ಎಂಬ ಗೊಂಬೆ ಬಂದು ನಿಲ್ಲುತ್ತದೆ. “ಊರಿನವರು ಕೆರೆಯ ಹೂಳೆತ್ತಿದರು” ಎಂದರೆ ಎರಡು ಸವಕಲು ಪದ ಒಟ್ಟಿಗೆ ಹೋದವು. ಯಾರು ಮಾಡಿದರೆಂದು ಬರೆಯಲು ಹಿಂಜರಿಕೆ ಇದ್ದರೆ ಆ ಹಿಂಜರಿಕೆಯ ಕಾರಣವನ್ನು ಹುಡುಕಬೇಕು. ಕೆಲವೊಮ್ಮೆ ವರದಿಯ ನಿಜವಾದ ಸುದ್ದಿ ಅಲ್ಲಿಯೇ ಇರುತ್ತದೆ. ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲದಾಗ, ಹಳೆಯ ಕಟ್ಟಡದ ಮಾತಿನಲ್ಲಿ ಆಗುವಂತೆ, ಈ ರೂಪವನ್ನು ಬಳಸಲು ಅಡ್ಡಿಯಿಲ್ಲ.

‘ಹಿನ್ನೆಲೆಯಲ್ಲಿ’ ಮತ್ತು ‘ನಿಟ್ಟಿನಲ್ಲಿ’ ಸಂಬಂಧವನ್ನು ಮುಚ್ಚುತ್ತವೆ. “ಮಳೆಯ ಹಿನ್ನೆಲೆಯಲ್ಲಿ ಸಭೆ ಮುಂದಕ್ಕೆ ಹೋಯಿತು” ಎಂದರೆ ಮಳೆ ಬಂದದ್ದರಿಂದಲೋ, ಬರಬಹುದೆಂಬ ಭಯದಿಂದಲೋ, ಮಳೆ ನಿಂತ ಮೇಲೆ ಬಿತ್ತನೆಗೆ ಜನ ಹೊಲಕ್ಕೆ ಹೋದದ್ದರಿಂದಲೋ? ಕನ್ನಡದ ‘ಇಂದ’, ‘ಮೇಲೆ’, ‘ಆದರೂ’, ‘ಆಗ’ ಎಂಬ ಸಣ್ಣ ಪ್ರತ್ಯಯ, ಅವ್ಯಯಗಳು ಈ ಕೆಲಸವನ್ನು ಖಚಿತವಾಗಿ ಮಾಡುತ್ತವೆ. ಯಾವುದನ್ನು ಹಾಕಬೇಕೆಂದು ತಿಳಿಯದಿದ್ದರೆ ಎರಡು ಘಟನೆಗಳ ನಂಟನ್ನು ನಾವೇ ಇನ್ನೂ ತೀರ್ಮಾನಿಸಿಲ್ಲ.

‘ಹೊಂದಿದೆ’ಯನ್ನು ಬೇಗ ಮುಗಿಸಬಹುದು. “ಬಾವಿಯು ಮೆಟ್ಟಿಲುಗಳನ್ನು ಹೊಂದಿದೆ” ಎಂಬುದರ ಕನ್ನಡ “ಬಾವಿಗೆ ಮೆಟ್ಟಿಲುಗಳಿವೆ”. ‘ಆಗಿದ್ದು’, ‘ಇದ್ದು’ಗಳ ಸರಪಳಿಯೂ ಹಾಗೆಯೇ: ಪೂರ್ಣವಿರಾಮ ಹಾಕಲು ಹೆದರುವವರ ಲಕ್ಷಣ ಅದು. ಉದ್ದವಾದ ವಾಕ್ಯ ತಪ್ಪಲ್ಲ, ಆದರೆ ಅದರ ಉದ್ದಕ್ಕೆ ಕಾರಣ ಇರಬೇಕು.

‘ಅಂತಹ’ದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ಹತ್ತು ವರ್ಷಗಳಲ್ಲಿ ನನ್ನ ಕೆಂಪು ಶಾಯಿಯನ್ನು ಹೆಚ್ಚು ಕುಡಿದದ್ದು ಅದೇ. “ಇಲ್ಲಿಗೆ ಬಂದಿರುವಂತಹ”, “ಅವರು ಮಾಡಿರುವಂತಹ”, “ವೇದಿಕೆಯ ಮೇಲೆ ಇರುವಂತಹ” ಎಂಬ ನುಡಿ ಹುಟ್ಟಿದ್ದು ಮೈಕಿನ ಮುಂದೆ. ಮುಂದಿನ ಪದ ಬಾಯಿಗೆ ಬರುವವರೆಗೆ ಭಾಷಣಕಾರರಿಗೆ ಅರ್ಧ ಉಸಿರಿನ ಬಿಡುವು ಬೇಕು, ‘ಅಂತಹ’ ಆ ಬಿಡುವನ್ನು ಕೊಡುತ್ತದೆ. ಮಾತಿನಲ್ಲಿ ಅದನ್ನು ಕ್ಷಮಿಸಬಹುದು. ವಿಚಾರ ಸಂಕಿರಣದ ಭಾಷಣಗಳನ್ನು ಧ್ವನಿಮುದ್ರಣದಿಂದ ಇಳಿಸಿ ಸಂಚಿಕೆ ಮಾಡುವಾಗ ಅದು ಹಾಳೆಗೂ ಬಂತು, ಹಾಳೆಯಲ್ಲಿ ನೋಡಿದ ವಿದ್ಯಾರ್ಥಿಗಳು ಗಂಭೀರ ಗದ್ಯವೆಂದರೆ ಹೀಗೆಯೇ ಎಂದುಕೊಂಡರು. ಕನ್ನಡದ ಕೃದಂತಕ್ಕೆ ಊರುಗೋಲು ಬೇಡ: ‘ಬಂದ’, ‘ಮಾಡಿದ’, ‘ಇರುವ’ ಎಂಬುವೇ ಮುಂದಿನ ನಾಮಪದವನ್ನು ಹಿಡಿದುಕೊಳ್ಳುತ್ತವೆ. ‘ಅಂತಹ’ಕ್ಕೆ ಇರುವ ನ್ಯಾಯವಾದ ಕೆಲಸ ಹೋಲಿಕೆ, “ಕಲ್ಲಿನಂತಹ ರೊಟ್ಟಿ” ಎನ್ನುವಲ್ಲಿ ಇರುವ ಹಾಗೆ. ಹೋಲಿಕೆ ಇಲ್ಲದ ಕಡೆಯೆಲ್ಲ ಅದನ್ನು ಕಣ್ಣುಮುಚ್ಚಿ ಅಳಿಸಬಹುದು. ಅರ್ಥ ಕೆಟ್ಟ ಉದಾಹರಣೆ ನನಗೆ ಇದುವರೆಗೆ ಸಿಕ್ಕಿಲ್ಲ.

‘ಸಾಕಷ್ಟು’ ಬೇರೆ ಬಗೆಯ ದೋಷ. ಅದು ‘ಸಾಕು’ ಮತ್ತು ‘ಅಷ್ಟು’ ಸೇರಿ ಆದ ಪದ. ಸಾಕಾಗುವಷ್ಟು ಎಂದು ಅರ್ಥ. ಅದನ್ನು ‘ಬಹಳ’ದ ಜಾಗದಲ್ಲಿ ಬಳಸುವುದು ರೂಢಿಯಾಗಿ, “ಬರದಿಂದ ಸಾಕಷ್ಟು ದನಗಳು ಸತ್ತವು” ಎಂದು ಬರೆಯುವವರಿದ್ದಾರೆ. ಎಷ್ಟು ಸತ್ತರೆ ಸಾಕಾಗುತ್ತಿತ್ತು ಎಂದು ಓದುಗ ಕೇಳಿದರೆ ಉತ್ತರವಿಲ್ಲ.

ಈಗ ಒಂದು ಇಡೀ ವಾಕ್ಯವನ್ನು ಬಿಚ್ಚಿ ಜೋಡಿಸೋಣ. ವಾರ್ಷಿಕ ವರದಿಗಳಲ್ಲಿ ಬರುವ ಧಾಟಿಯಲ್ಲಿ ನಾನೇ ಕಟ್ಟಿದ ಮಾದರಿ ಇದು: “ತೊಗರಿಯು ಈ ಭಾಗದ ಅತ್ಯಂತ ಪ್ರಮುಖವಾದಂತಹ ಬೆಳೆಯಾಗಿದ್ದು, ನೆಟೆ ರೋಗದ ಹಿನ್ನೆಲೆಯಲ್ಲಿ ಸಾಕಷ್ಟು ರೈತರಿಗೆ ಅಪಾರ ನಷ್ಟ ಉಂಟಾಗಿರುವುದು ಕಂಡುಬಂದಿದ್ದು, ಈ ನಿಟ್ಟಿನಲ್ಲಿ ಸೂಕ್ತ ಕ್ರಮಗಳನ್ನು ಕೈಗೊಳ್ಳುವುದು ಅತ್ಯಂತ ಅವಶ್ಯಕವಾಗಿದೆ.” ಸವಕಲು ಪದಗಳನ್ನು ತೆಗೆದಾಗ ಮೂರು ರಂಧ್ರಗಳು ಕಾಣುತ್ತವೆ. ಯಾವ ಭಾಗ? ರೋಗದಿಂದ ನಷ್ಟವಾಗುವುದು ಹೇಗೆ? ಸೂಕ್ತ ಕ್ರಮ ಎಂದರೆ ಏನು? ಮೂರಕ್ಕೂ ಉತ್ತರ ತುಂಬಿದಾಗ ವಾಕ್ಯ ಹೀಗಾಗುತ್ತದೆ: “ಆಳಂದ ತಾಲ್ಲೂಕಿನ ನಮ್ಮ ಸದಸ್ಯರ ಹೊಲಗಳಲ್ಲಿ ನೆಟೆ ರೋಗ ಹತ್ತಿದ ತೊಗರಿ ಗಿಡಗಳು ಹೂವು, ಕಾಯಿ ಹಿಡಿಯುವ ಹೊತ್ತಿಗೆ ನಿಂತಲ್ಲಿಯೇ ಒಣಗಿದವು. ರೋಗದ ಶಿಲೀಂಧ್ರ ಮಣ್ಣಿನಲ್ಲಿಯೇ ಉಳಿಯುವುದರಿಂದ, ಅದೇ ಹೊಲಕ್ಕೆ ಮರುವರ್ಷವೂ ತೊಗರಿ ಬಿತ್ತುವ ಬದಲು ಜೋಳಕ್ಕೆ ತಿರುಗಬೇಕೆಂದೂ, ತೊಗರಿ ಬಿತ್ತುವವರು ಬೀಜಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರವನ್ನು ಲೇಪಿಸಬೇಕೆಂದೂ ಸಂಘವು ಸದಸ್ಯರನ್ನು ಕೋರುತ್ತದೆ.” ತಿದ್ದುಪಡಿಯಿಂದ ಬರಹ ಚಿಕ್ಕದಾಗಲಿಲ್ಲ, ಸ್ವಲ್ಪ ಉದ್ದವೇ ಆಯಿತು. ಪದ ಕಡಿತವೇ ಗುರಿ ಎಂದು ಹೊರಟವರು ಇದನ್ನು ಗಮನಿಸಬೇಕು.

ಊರಿನ ಬಿರುದುಗಳು

ಬೀದರ್, ಕಲಬುರಗಿ, ಯಾದಗಿರಿ ಎಂಬ ನಮ್ಮ ಮೂರು ಜಿಲ್ಲೆಗಳ ಬರಹಗಾರರಿಗೆ ಮೀಸಲಾದ ಕೆಲವು ಸವಕಲು ನುಡಿಗಳಿವೆ. ‘ತೊಗರಿಯ ಕಣಜ’, ‘ಬಿಸಿಲ ನಾಡು’, ‘ಶರಣರ ನಾಡು’, ‘ಸೂಫಿ ಸಂತರ ಬೀಡು’. ಒಂದು ಕಾಲಕ್ಕೆ ಇವು ಹೊಳೆಯುತ್ತಿದ್ದವು. ಈಗ ಲೇಖನದ ಮೊದಲ ವಾಕ್ಯದಲ್ಲಿ ಕಲಬುರಗಿ ಎಂಬ ಹೆಸರಿನ ಮುಂದೆ ಇವು ಬಾಡಿಗೆ ಪೇಟದಂತೆ ಕುಳಿತಿರುತ್ತವೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತೆಂದು ಬರೆದರೆ ಕಣಜ ಹೇಳದಿದ್ದ ಸಂಗತಿಯೊಂದನ್ನು ಹೇಳಿದಂತಾಗುತ್ತದೆ.

‘ಈ ಭಾಗ’ ಎಂಬುದು ಇವೆಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. 2019ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರು ಬಂದ ಮೇಲೆ, ಹಳೆಯ ಸಂಗತಿಗೆ ಯಾವ ಹೆಸರು ಬಳಸಬೇಕೆಂಬ ಗೊಂದಲದಲ್ಲಿ ಹಲವರು ‘ಈ ಭಾಗ’ದ ನೆರಳಿಗೆ ಸರಿದರು. ಆದರೆ ಕಲ್ಯಾಣ ಕರ್ನಾಟಕವೆಂದರೆ ಬೀದರ್‌ನಿಂದ ವಿಜಯನಗರದವರೆಗೆ ಏಳು ಜಿಲ್ಲೆಗಳು. ಬರೆದವರ ಮನಸ್ಸಿನಲ್ಲಿರುವುದು ಅನೇಕ ಸಲ ಚಿಂಚೋಳಿ ತಾಲ್ಲೂಕು ಮಾತ್ರ. ಇದಕ್ಕೆ ಪರಿಹಾರ ಸರಳ: ಯಾವ ಊರೋ ಆ ಊರಿನ ಹೆಸರು ಬರೆಯುವುದು. ‘ಹಿಂದುಳಿದ’ ಎಂಬ ಪದಕ್ಕೂ ಇದೇ ಚಿಕಿತ್ಸೆ. ಯಾವುದರಲ್ಲಿ ಹಿಂದೆ ಎಂದು ಹೇಳದೆ ಅದನ್ನು ಪುಟಪುಟಕ್ಕೂ ಅಂಟಿಸಿದರೆ ಓದುವವರಿಗೆ ಕೊರತೆಯೂ ಕಾಣುವುದಿಲ್ಲ, ಊರೂ ಕಾಣುವುದಿಲ್ಲ. ಯಾದಗಿರಿಯ ಹಳ್ಳಿಯೊಂದಕ್ಕೆ ಸಂಜೆಯ ಮೇಲೆ ಬಸ್ಸಿಲ್ಲವೆಂದರೆ ಅಷ್ಟನ್ನೇ ಬರೆಯಬೇಕು.

ಇಲ್ಲಿ ಒಂದು ಮಾತನ್ನು ಬದಿಗಿಟ್ಟು ಹೇಳಬೇಕಿದೆ. ಭಾರವಾದ ಪದಗಳು ನಮ್ಮ ಬರಹದಲ್ಲಿ ಹೆಚ್ಚಾಗಿರುವುದಕ್ಕೆ ಅಂಜಿಕೆಯೂ ಒಂದು ಕಾರಣವೆಂದು ನನಗೆ ಅನಿಸಿದೆ. ಕಲಬುರಗಿಯ ಆಡುಗನ್ನಡವನ್ನು ನಕ್ಕು ನೋಡುವವರ ಮುಂದೆ ಓದಿದವರೆನಿಸಿಕೊಳ್ಳಬೇಕೆಂದು, ಮನೆಯಲ್ಲಿ ‘ಒಕ್ಕಲುತನ’ ಎನ್ನುವವರು ಹಾಳೆಯ ಮೇಲೆ ‘ಕೃಷಿ ಕಾರ್ಯ ಚಟುವಟಿಕೆ’ ಎನ್ನುತ್ತಾರೆ, ‘ರಾಶಿ ಮಾಡಿದರು’ ಎನ್ನುವ ಬದಲು ‘ಒಕ್ಕಣೆ ಪ್ರಕ್ರಿಯೆಯನ್ನು ಪೂರ್ಣಗೊಳಿಸಿದರು’ ಎನ್ನುತ್ತಾರೆ. ‘ಎರಿ ಹೊಲ’ (ಕಪ್ಪು ಮಣ್ಣಿನ ಹೊಲ), ‘ಮಸಾರಿ’ (ಕೆಂಪು ಮಣ್ಣಿನ ನೆಲ), ‘ರಾಶಿ’ ಎಂಬ ಪದಗಳನ್ನು ಶಿಷ್ಟ ಗದ್ಯದ ನಡುವೆ ಇಟ್ಟು ನೋಡಿ. ಅವು ಜಾಗ ಕೆಡಿಸುವುದಿಲ್ಲ. ಯಾರೂ ಸವೆಸಿಲ್ಲವಾದ್ದರಿಂದ ಅಂಚು ಇನ್ನೂ ಹರಿತವಾಗಿದೆ.

ಬದಲಿ ಪದ ತರುವ ಹೊಸ ದೋಷ

ತಿದ್ದುವ ಉತ್ಸಾಹದಲ್ಲಿ ಆಗುವ ಅನಾಹುತಕ್ಕೆ ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ. ವಿದ್ಯಾರ್ಥಿಯೊಬ್ಬರು ತೊಗರಿಯ ಮೇಲಿನ ಕಿರುಪ್ರಬಂಧದಲ್ಲಿ ‘ತೊಗರಿ’ ಹೆಚ್ಚಾಯಿತೆಂದು ಅರ್ಧ ಕಡೆ ‘ದ್ವಿದಳ ಧಾನ್ಯ’ ಎಂದು ಬದಲಿಸಿ ತಂದಿದ್ದರು. ಕಡಲೆ, ಹೆಸರು, ಉದ್ದು ಕೂಡ ದ್ವಿದಳ ಧಾನ್ಯಗಳೇ. ಆ ಒಂದು ಬದಲಾವಣೆಯಿಂದ ಕೋಷ್ಟಕದ ಲೆಕ್ಕವೆಲ್ಲ ಸುಳ್ಳಾಯಿತು. ವಿಷಯದ ಹೆಸರು ಎಷ್ಟು ಸಲ ಬಂದರೂ ದೋಷವಲ್ಲ. ಹಾಗೆಯೇ ‘ರೈತ’, ‘ಕೃಷಿಕ’, ‘ಅನ್ನದಾತ’, ‘ಒಕ್ಕಲಿಗ’ ಎಂದು ಸಾಲಿಗೊಂದು ಹೆಸರು ಕೊಟ್ಟರೆ ನಾಲ್ವರು ಬೇರೆ ಬೇರೆ ಜನ ಬಂದರೆಂದು ಓದುಗ ತಿಳಿಯುತ್ತಾನೆ. ನಮ್ಮಲ್ಲಿ ಒಕ್ಕಲುತನ ಮಾಡುವವನೆಂಬ ಅರ್ಥವಿರುವ ‘ಒಕ್ಕಲಿಗ’ ಎಂಬುದು ಮೈಸೂರು ಕಡೆಯ ಓದುಗನಿಗೆ ಜಾತಿಯ ಹೆಸರು. ಹೆಸರು ಮರುಕಳಿಸುವುದು ಕಿವಿಗೆ ತಾಗುತ್ತಿದ್ದರೆ ‘ಅವರು’, ‘ಅದು’ ಎಂಬ ಸರ್ವನಾಮಗಳಿವೆ. ಕ್ರಿಯಾಪದವೇ ಲಿಂಗ, ವಚನಗಳನ್ನು ಹೇಳುವ ಭಾಷೆಯಲ್ಲಿ ಕರ್ತೃಪದವನ್ನು ಬಿಟ್ಟರೂ ಅನೇಕ ಕಡೆ ನಡೆಯುತ್ತದೆ.

ಮುಟ್ಟಬಾರದ ಮರುಕಳಿಕೆ

ಮರಳಿ ಬಂದ ಪದವೆಲ್ಲ ದೋಷವಲ್ಲ; ಇದಕ್ಕೆ ಸಾಕ್ಷಿ ನಮ್ಮ ನೆಲದಲ್ಲಿಯೇ ಇದೆ. ಮಳಖೇಡ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯ ಮೇಲಿದೆ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅದೇ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ ‘ಕವಿರಾಜಮಾರ್ಗ’, ಉಪಲಬ್ಧವಿರುವ ಮೊದಲ ಕನ್ನಡ ಗ್ರಂಥವಾಗಿರುವುದರ ಜೊತೆಗೆ, ಬರಹದ ದೋಷಗಳನ್ನು ಹಿಡಿಯುವ ಕೈಪಿಡಿಯೂ ಹೌದು. ಹೊಂದದ ಸಂಸ್ಕೃತ ಪದವನ್ನು ಕನ್ನಡಕ್ಕೆ ಸಮಾಸದಲ್ಲಿ ಬೆಸೆಯುವುದನ್ನು ಅದು ಕಾಯುತ್ತಿರುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ಎನ್ನುತ್ತದೆ. ಅದರ ಮೊದಲ ಪರಿಚ್ಛೇದದ ಹೆಸರಿನಲ್ಲಿ ದೋಷದ ಜೊತೆಗೆ ‘ಅದೋಷ’ವೂ ಇರುವುದು ನನ್ನ ಕೆಲಸಕ್ಕೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಅದು ಬಹುಮಟ್ಟಿಗೆ ಅನುಸರಿಸುವ ದಂಡಿಯ ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥ ‘ಕಾವ್ಯಾದರ್ಶ’ವಂತೂ, ಮರುಕದಂತಹ ಭಾವದ ತೀವ್ರತೆಯನ್ನು ಹೇಳಬೇಕಾದಾಗ ಪುನರುಕ್ತಿ ದೋಷವಲ್ಲ, ಅಲಂಕಾರವೇ ಎಂದು ಸ್ಪಷ್ಟವಾಗಿ ತೀರ್ಪು ಕೊಡುತ್ತದೆ.

ಬಸವಕಲ್ಯಾಣ ನಮ್ಮ ಬೀದರ್ ಜಿಲ್ಲೆಯಲ್ಲಿಯೇ ಇದೆ. ಬಸವಣ್ಣನವರ ‘ಕಳಬೇಡ, ಕೊಲಬೇಡ’ ಎಂದು ತೊಡಗುವ ವಚನದಲ್ಲಿ ‘ಬೇಡ’ ಏಳು ಸಲ ಬರುತ್ತದೆ. ಪದಗಣನೆಯ ತಂತ್ರಾಂಶ ಅದಕ್ಕೂ ಕೆಂಪು ಗೆರೆ ಎಳೆಯುತ್ತದೆ. ಆ ಏಳರಲ್ಲಿ ಒಂದನ್ನು ತೆಗೆದು ‘ಕೂಡದು’ ಎಂದು ಇಟ್ಟು ಗಟ್ಟಿಯಾಗಿ ಓದಿದರೆ, ಎಣಿಕೆಯ ಪರೀಕ್ಷೆಗೆ ಮಿತಿ ಎಲ್ಲಿದೆ ಎಂಬುದು ತಿಳಿಯುತ್ತದೆ. ‘ಮನೆಮನೆಗೆ’, ‘ಸಣ್ಣಸಣ್ಣ’, ‘ಬಿಸಿಬಿಸಿ’ ಎಂಬ ದ್ವಿರುಕ್ತಿಗಳನ್ನೂ ಎಣಿಕೆಯಿಂದ ಹೊರಗಿಡಬೇಕು. ಬೇಕೆಂದು ಮಾಡಿದ ಮರುಕಳಿಕೆಯಲ್ಲಿ ಪದ ಮರಳಿ ಬಂದಾಗಲೆಲ್ಲ ಅರ್ಥ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ದೋಷದ ಮರುಕಳಿಕೆಯಲ್ಲಿ ಅದು ನಿಂತಲ್ಲಿಯೇ ನಿಂತಿರುತ್ತದೆ.

ಮರುಪರೀಕ್ಷೆ

ತಿದ್ದಿದ ಪ್ರತಿಯನ್ನು ಒಂದು ರಾತ್ರಿಯಾದರೂ ಬಿಟ್ಟು ಮತ್ತೆ ಕೇಳಿಸಿಕೊಳ್ಳಬೇಕು. ಒಂದು ಪದವನ್ನು ಹೊರಗೆ ಹಾಕಿದ ಕೂಡಲೇ ಅದರ ನಂಟನೊಬ್ಬ ಹಿತ್ತಲ ಬಾಗಿಲಿನಿಂದ ಒಳಗೆ ಬಂದಿರುತ್ತಾನೆ. ‘ಅತ್ಯಂತ’ವನ್ನು ಬಿಟ್ಟ ವರ್ಷ ನನ್ನ ಕೈಗೆ ‘ಖಚಿತವಾಗಿ’ ಅಂಟಿಕೊಂಡಿತ್ತು, ಅದನ್ನು ಬಿಡುವಷ್ಟರಲ್ಲಿ ‘ಹಾಗೆ ನೋಡಿದರೆ’ ಬಂತು. ಅದಕ್ಕಾಗಿ ಮೇಜಿನ ಗಾಜಿನ ಕೆಳಗೆ ಒಂದು ಚೀಟಿ ಇಟ್ಟುಕೊಂಡಿದ್ದೇನೆ. ಹೊಸ ಪದ ಸೇರಿದಾಗ ತಿಂಗಳು ಬರೆದಿಡುತ್ತೇನೆ, ಆರು ತಿಂಗಳು ಕಾಣಿಸದಿದ್ದರೆ ಹೊಡೆದುಹಾಕುತ್ತೇನೆ. ಬೇರೆಯವರ ಚೀಟಿ ನಮಗೆ ಕೆಲಸಕ್ಕೆ ಬಾರದು.

ತಿದ್ದುವವರ ಕಣ್ಣು ತಪ್ಪುವ ಜಾಗಗಳು ಕೊನೆಗೆ ಉಳಿಯುತ್ತವೆ: ಶೀರ್ಷಿಕೆ, ಚಿತ್ರದ ಅಡಿಬರಹ, ಮತ್ತು ವಂದನೆಯ ಪುಟ. ಲೇಖನವನ್ನೆಲ್ಲ ಉಜ್ಜಿ ತೊಳೆದವರೂ ವಂದನೆಗೆ ಬಂದಾಗ ‘ಹೃತ್ಪೂರ್ವಕ’ವನ್ನು ಹೆಸರಿಗೊಂದರಂತೆ ಹಂಚುತ್ತಾರೆ, ಹನ್ನೊಂದು ಜನಕ್ಕೆ ಹನ್ನೊಂದು. ಅಲ್ಲಿಯೂ ರಂಧ್ರ ಅದೇ, ಅವರು ಮಾಡಿದ್ದೇನು ಎಂಬುದು ಬಿಟ್ಟುಹೋಗಿರುತ್ತದೆ. ಹೋದ ಸಲ ಸಂಘವೊಂದರ ಕಾರ್ಯದರ್ಶಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಹೆಸರಿಗೂ “ಇವರು ಏನು ಮಾಡಿದರ್ರಿ?” ಎಂದು ಕೇಳುತ್ತ ಹೋದೆ. ಒಬ್ಬರು ಬಾಡಿಗೆ ಮುಟ್ಟದೆ ಮೂರು ದಿನ ಟ್ರ್ಯಾಕ್ಟರ್ ಕೊಟ್ಟಿದ್ದರು. ಒಬ್ಬರು ಹಳೆಯ ಲೆಕ್ಕದ ಪುಸ್ತಕಗಳನ್ನು ಮಳೆಯಲ್ಲಿ ನೆನೆಯದಂತೆ ತಮ್ಮ ಮನೆಯ ಅಟ್ಟದ ಮೇಲೆ ಇಟ್ಟಿದ್ದರು. ಒಬ್ಬರು ಮಾಡಿದ್ದೇನೆಂದು ಕಾರ್ಯದರ್ಶಿಯವರಿಗೆ ನೆನಪಾಗದೆ, ಅಲ್ಲಿಂದಲೇ ಅವರಿಗೆ ಫೋನ್ ಹಚ್ಚಿದರು.